ಎರಡು ವಿನೋದ, ಒಂದೇ ನೆಲ

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ವು ಜಿಂಕೆಯ ಬೇಟೆಯನ್ನು ಮೃಗವಿನೋದದಲ್ಲಿಯೂ, ಗಿಡುಗವನ್ನು ಬಿಟ್ಟು ಹಕ್ಕಿ ಹಿಡಿಸುವುದನ್ನು ಶ್ಯೇನವಿನೋದದಲ್ಲಿಯೂ ನಿರೂಪಿಸುತ್ತದೆ. ಕಲ್ಯಾಣಕ್ಕೆ ನೆರೆಯಾದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಈ ವಿಂಗಡಣೆ ನಿಲ್ಲದು. ಕೆರೆಯಂಚಿನ ನೀರಹಕ್ಕಿಯೂ ಅದರಾಚೆಯ ಹುಲ್ಲುಬಯಲಿನ ಕೃಷ್ಣಮೃಗವೂ ಒಂದೇ ನೆಲದ ಜೀವಿಗಳು. ಅವುಗಳನ್ನು ಬೇರ್ಪಡಿಸಿದ್ದು ಅರಸನ ಭೋಗದ ಕ್ರಮ. ‘ವಿನೋದ’ವೆಂಬ ಹೆಸರು ಅವನ ಸಂತೋಷವನ್ನಷ್ಟೇ ಹೇಳುತ್ತದೆ. ಕನ್ನಡದ ‘ಬೇಟೆ’ಯಾದರೋ ಹಕ್ಕಿ, ಮೃಗ ಎರಡನ್ನೂ ಒಳಗೊಂಡು, ತನ್ನ ನಂಟಿನ ‘ಬೇಡ’ ಪದದ ಮೂಲಕ ಬೇಟೆಯಿಂದಲೇ ಬದುಕಿದವರನ್ನೂ ನೆನಪಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಆ ಕಸುಬಿಗೆ ಎಡೆಯಿಲ್ಲ. ಅದರ ನುಡಿ ಹಿರಿಯರ ನೆನಪಿನಲ್ಲಷ್ಟೇ ಉಳಿಯಬಲ್ಲದು. ಗಡಿಯ ಕನ್ನಡದಿಂದ ಅದನ್ನು ಸಂಗ್ರಹಿಸದೆ ನಡೆಯುವ ‘ಮಾನಸೋಲ್ಲಾಸ’ದ ಓದು ಅರಮನೆಯ ಓದಾಗಿಯೇ ಉಳಿಯುತ್ತದೆ.