ತೊಳೆದ ಪಾತ್ರೆಯ ಮುಂದೆ ತನಿಖೆ

ಮದುವೆ ಊಟ ಉಂಡವರು ಸಂಜೆ ಹೊತ್ತಿಗೆ ವಾಂತಿ-ಭೇದಿಯಿಂದ ಮಲಗಿದರೆ, ಖಾನಾಪುರ ತಾಲೂಕಿನ ಬೀಡಿಯಂಥ ಊರಿಂದಲೂ ಈಗ ಸುದ್ದಿ ಬೇಗ ಬೆಳಗಾವಿ ಮುಟ್ಟುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗುತ್ತಾರೆ, ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ವರದಿ ಹೋಗುತ್ತದೆ. 2004ರಲ್ಲಿ ಶುರುವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯ ದೊಡ್ಡ ಸಾಧನೆ ಇದು. ಅದರ ಹೆಚ್ಚುಗಾರಿಕೆ ವೇಗ. ಕೊರತೆ ಇರುವುದು ಆಮೇಲಿನ ಕೆಲಸದಲ್ಲಿ.

ಯೋಜನೆಯ ವಾರದ ವರದಿಗಳಲ್ಲಿ ಊರು, ರೋಗಿಗಳ ಸಂಖ್ಯೆ, ಸಾವು ಎಲ್ಲ ಸಿಗುತ್ತವೆ. ಯಾವ ಪದಾರ್ಥ, ಯಾವ ರೋಗಾಣು ಎಂಬ ಪ್ರಶ್ನೆಗೆ ಮಾತ್ರ ಎಷ್ಟೋ ಸಲ ಉತ್ತರವಿಲ್ಲ. ತಂಡ ಬರುವಷ್ಟರಲ್ಲಿ ಪಾತ್ರೆಗಳನ್ನು ತಿಕ್ಕಿ ತೊಳೆದು ಬೋರಲು ಹಾಕಿರುತ್ತಾರೆ. ಮಲದ ಮಾದರಿ ತೆಗೆಯುವ ಮೊದಲೇ ರೋಗಿಗೆ ಆಂಟಿಬಯೋಟಿಕ್ ಕೊಟ್ಟಾಗಿರುತ್ತದೆ. ಪ್ರಯೋಗಾಲಯದಲ್ಲಿ ಏನೂ ಬೆಳೆಯುವುದಿಲ್ಲ.

ಹಾಗಂತ ಕೈಚೆಲ್ಲಬೇಕಿಲ್ಲ. ಉಂಡ ಒಂದರಿಂದ ಆರು ತಾಸಿನೊಳಗೆ ವಾಂತಿ ಶುರುವಾದರೆ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಅನುಮಾನ: ಅಡುಗೆಯವರ ಕೈಗಾಯದಿಂದ ಬಾಸುಂದಿಗೆ ಇಳಿದು, ಸೆಕೆಯಲ್ಲಿ ಬೆಳೆದು, ಮತ್ತೆ ಕುದಿಸಿದರೂ ಹೋಗದ ವಿಷ ಬಿಡುತ್ತದೆ. ಎಂಟರಿಂದ ಹದಿನಾರು ತಾಸಿಗೆ ಹೊಟ್ಟೆ ನುಲಿದು ಭೇದಿಯಾದರೆ, ದೊಡ್ಡ ತಪ್ಪೇಲಿಯಲ್ಲಿ ನಿಧಾನ ಆರಿದ ಅಡುಗೆಯತ್ತ ನೋಡಬೇಕು. ಇನ್ನು ಯಾರು ಏನು ಉಂಡರು ಎಂದು ಕೇಳುವ ಕ್ರಮ. ಬಾಸುಂದಿ ಉಂಡ 50 ಜನರಲ್ಲಿ 40 ಮಂದಿಗೆ, ಉಣ್ಣದ 45ರಲ್ಲಿ ಮೂವರಿಗೆ ಮಾತ್ರ ಕಾಯಿಲೆ ಎಂದಿಟ್ಟುಕೊಳ್ಳಿ. ಪಾತ್ರೆ ತೊಳೆದಿದ್ದರೂ ಬಾಸುಂದಿಯೇ ಕಾರಣವಿರಬೇಕು ಎಂದು ಬಲವಾಗಿ ಹೇಳಬಹುದು. ಇದಕ್ಕೆ ಆರಾಮಾಗಿ ಇದ್ದವರನ್ನೂ ಕೂಡಿಸಿ ಕೇಳಬೇಕು. ಆಸ್ಪತ್ರೆಯ ಹಾಸಿಗೆ ಎಣಿಸಿ ಮುಗಿಸಿದ ತನಿಖೆಗೆ ಈ ಲೆಕ್ಕ ಸಿಗದು.

ಕಾಯಿಲೆಯನ್ನು ಮೊದಲೇ ತಡೆಯಲು ಶಾಲೆಯ ಬಿಸಿಯೂಟದಲ್ಲಿ ಒಂದು ಪದ್ಧತಿ ಇದೆ. ಬಿಹಾರದ ಗಂಡಾಮನ್‌ನಲ್ಲಿ 2013ರ ಜುಲೈ 16ರಂದು ಕೀಟನಾಶಕ ಬೆರೆತ ಊಟದಿಂದ 23 ಮಕ್ಕಳು ಸತ್ತ ಮೇಲೆ, ಶಿಕ್ಷಕರು ಮೊದಲು ರುಚಿ ನೋಡಬೇಕೆಂಬ ನಿಯಮಕ್ಕೆ ಬಿಗಿ ಬಂತು. ನಿಯಮ ಬೇಕೇ ಬೇಕು. ಆದರೆ ಸ್ಟ್ಯಾಫಿಲೊಕಾಕಸ್ ವಿಷಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಶಿಕ್ಷಕರಿಗೆ ಹೊಟ್ಟೆ ತೊಳಸುವ ಮುಂಚೆಯೇ ಮಕ್ಕಳು ಉಂಡು ಎದ್ದಿರುತ್ತಾರೆ.

2006ರ ಆಹಾರ ಸುರಕ್ಷತಾ ಕಾಯ್ದೆಯ 35ನೇ ಕಲಮು, ವಿಷಾಹಾರದ ಪ್ರಕರಣಗಳನ್ನು ವೈದ್ಯರು ತಿಳಿಸಬೇಕೆಂದು ಆದೇಶಿಸುವ ಅಧಿಕಾರ ಕೊಡುತ್ತದೆ. ತಿಳಿಸಿದರೂ ಪರೀಕ್ಷೆಗೆ ಊಟವೇ ಉಳಿಯದಿದ್ದರೆ ಏನು ಉಪಯೋಗ? ಮನೆಯಲ್ಲಿ ಮದುವೆಯೋ ಜಾತ್ರೆಯ ಊಟವೋ ಇದ್ದರೆ ಅಡುಗೆಯವರಿಗೆ ಮೊದಲೇ ಹೇಳಿಡಿ: ಬಡಿಸುವ ಮುಂಚೆ ಪ್ರತಿಯೊಂದು ಪದಾರ್ಥವನ್ನೂ ಸ್ವಲ್ಪ ಸ್ವಲ್ಪ ಬಿಸಿನೀರಲ್ಲಿ ತೊಳೆದ ಡಬ್ಬಿಗೆ ತೆಗೆದು, ಎರಡು-ಮೂರು ದಿನ ಫ್ರಿಜ್ಜಿನಲ್ಲಿ ಇಡಲಿ.