ಗೋಡೆಯ ಮದನಿಕೆ, ಗಾಜಿನ ರಾಜಕುಮಾರಿ

ಬಸವಕಲ್ಯಾಣದ ಪಕ್ಕದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವದೇವಾಲಯವಿದೆ. ಹೊರಗೋಡೆಯ ಮೇಲೆ ಕಲ್ಲಿನ ಹೆಣ್ಣುಗಳು. ತೆಳು ನಡು, ತುಂಬಿದೆದೆ, ಮೈತುಂಬ ಒಡವೆ. ಪಂಡಿತರು ನೋಡಿ 'ಆಹಾ, ಎಂಥ ಸೌಂದರ್ಯ' ಅಂತಾರೆ. ಇರಲಿ, ಉಳಿ ಹಿಡಿದ ಕೈಗೆ ನಮ್ಮ ಗೌರವವಿದೆ. ಅದೂ ದುಡಿಯುವ ಕೈಯೇ. ನಮ್ಮ ಪ್ರಶ್ನೆ ಬೇರೆ. ಮಣ್ಣು ಹೊತ್ತ, ಬೀಸಿದ, ಕಸ ಹೊಡೆದ ಹೆಣ್ಣು ಆ ಗೋಡೆಯಲ್ಲಿ ಎಲ್ಲಿದ್ದಾಳೆ?

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಒಬ್ಬ ಶಿಲಾಬಾಲಿಕೆ ಬರೆಯುತ್ತಾ ನಿಂತಿದ್ದಾಳೆ. ಹೆಣ್ಣಿನ ಕೈಗೆ ಅಕ್ಷರ ಸಿಕ್ಕಿತಲ್ಲ ಅಂತ ಸಂತೋಷಪಡುವ ಮೊದಲು ಏನು ಬರೀತಿದ್ದಾಳೆ ನೋಡಿ: ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಕೈ ಅವಳದು, ಮಾತು ದೊರೆಯದು.

ಇದೆಲ್ಲ ಈಗ ಯಾಕೆ? ಯಾಕಂದ್ರೆ ಅದೇ ಗೋಡೆ ಮೊಬೈಲಿನ ಗಾಜಾಗಿ ನಮ್ಮ ಹುಡುಗರ ಅಂಗೈಗೆ ಬಂದಿದೆ. ವಿಡಿಯೋ ಗೇಮಿನ ಚರಿತ್ರೆ ನೋಡಿ. 1981ರ 'ಡಾಂಕಿ ಕಾಂಗ್'ನಲ್ಲಿ ವಾನರ ಹೆಣ್ಣನ್ನು ಹೊತ್ತೊಯ್ಯುತ್ತದೆ, ಗಂಡು ಏಣಿ ಹತ್ತಿ ಬಿಡಿಸಲು ಹೋಗ್ತಾನೆ. 1985ರ 'ಸೂಪರ್ ಮಾರಿಯೋ ಬ್ರದರ್ಸ್'ನಲ್ಲಿ ಸೆರೆಯಾದ ರಾಜಕುಮಾರಿಗೆ ಒಂದೇ ಕೆಲಸ: ಕಾಯುವುದು. 1986ರ 'ಮೆಟ್ರಾಯ್ಡ್'ನಲ್ಲಿ ಕವಚದೊಳಗಿನ ಯೋಧ ಹೆಣ್ಣು ಅಂತ ಕೊನೆಗೆ ಗೊತ್ತಾಗುತ್ತದೆ. ಆದರೆ ಆಟ ಬೇಗ ಮುಗಿಸಿದಷ್ಟೂ ಅವಳ ಮೈಮೇಲೆ ಬಟ್ಟೆ ಕಡಿಮೆ. ಹೋರಾಡಿದವಳು ಅವಳು, ಆಡಿದವನಿಗೆ ಬಹುಮಾನವೂ ಅವಳ ಮೈಯೇ! 1996ರಲ್ಲಿ 'ಟೂಂಬ್ ರೈಡರ್'ನ ಲಾರಾ ಕ್ರಾಫ್ಟ್ ಬಂದೂಕು ಹಿಡಿದಳು. ಬಂಡವಾಳಿಗರು ಅವಳ ಧೈರ್ಯಕ್ಕಿಂತ ಮೈಕಟ್ಟನ್ನೇ ಹೆಚ್ಚು ಮಾರಿದರು. 2012ರಲ್ಲಿ ಅನಿತಾ ಸರ್ಕೀಸಿಯನ್ ಇದನ್ನೆಲ್ಲ ಪ್ರಶ್ನಿಸುವ ವಿಡಿಯೋ ಸರಣಿಗೆ ಕೈಹಾಕಿದಾಗ ಅವರಿಗೆ ಬಂದದ್ದು ಅತ್ಯಾಚಾರದ, ಕೊಲೆಯ ಬೆದರಿಕೆ. 'ಬರೀ ಆಟ' ಆಗಿದ್ದರೆ ಇಷ್ಟು ಸಿಟ್ಟು ಯಾಕೆ?

ಪುಣೆಯಲ್ಲಿ ತಯಾರಾಗಿ 2020ರಲ್ಲಿ ಬಂದ 'ರಾಜಿ' ಸ್ವಲ್ಪ ಬೇರೆ. ಸರ್ಕಸ್ಸಿನ ಹುಡುಗಿ ತಮ್ಮನನ್ನು ಹುಡುಕಿ ಹೊರಡ್ತಾಳೆ. ಇಲ್ಲಿ ಬಿಡಿಸುವವಳೇ ಹೆಣ್ಣು. ಅವಳ ಜಿಗಿತ ಹೊಟ್ಟೆಪಾಡಿಗೆ ಕಲಿತ ವಿದ್ಯೆ. ಇದು ದೊಡ್ಡ ಮಾತು. ಆದರೂ ಗೆಲ್ಲುವ ಆಯುಧ ದೇವರಿಂದಲೇ ಬರಬೇಕು. ದುಡಿದು ಗಟ್ಟಿಯಾದ ಮೈ ಸಾಲದೇ?

ಗೆಳೆಯರೆ, ಇದೇ ಕಲ್ಯಾಣದ ನೆಲದಲ್ಲಿ ಹನ್ನೆರಡನೇ ಶತಮಾನದ ಶರಣೆಯರು ಮೈಯಿಂದಲ್ಲ, ಕಾಯಕದಿಂದ ಗುರುತಾದರು. ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ: ಹೆಸರಲ್ಲೇ ದುಡಿಮೆ ಇದೆ. ಕಾಳವ್ವೆ ಊಟದ ತಟ್ಟೆ ನೋಡಿ ಜಾತಿ ಅಳೆಯುವವರನ್ನು ನೇರ ಕೇಳಿದಳು. ಅಂಥವಳನ್ನೂ ಚರಿತ್ರೆ 'ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ' ಅಂತ ಗಂಡನ ಹೆಸರಿಗೇ ಕಟ್ಟಿಹಾಕಿದೆ. ಆದರೆ ಅವಳ ಮಾತು ಅವಳದೇ. ಜಲಸಂಗಿಯ ಬಾಲಿಕೆಗೂ ಅವಳಿಗೂ ಇರುವ ಅಂತರ ಇಷ್ಟೇ, ಇಷ್ಟು ದೊಡ್ಡದು.

ಹಳ್ಳಿಯ ಮೇಷ್ಟ್ರುಗಳು ಮೊಬೈಲ್ ಕಸಿದುಕೊಂಡರೆ ಕೆಲಸ ಮುಗಿಯುವುದಿಲ್ಲ. ಹುಡುಗರನ್ನು ಕೇಳಿ: ನೀನಾಡುವ ಆಟದಲ್ಲಿ ಹೆಣ್ಣು ಏನು ಮಾಡ್ತಾಳೆ? ಅವಳನ್ನು ಹಾಗೆ ನಿಲ್ಲಿಸಿದವರು ಯಾರು? ಅದರಿಂದ ಯಾರ ಜೇಬು ತುಂಬ್ತದೆ? ಶಾಲೆಗೆ ಕಂಪ್ಯೂಟರ್ ಬಂದರೆ ಕೇರಿಯ ಹುಡುಗಿಯನ್ನು ಮೊದಲು ಕೂರಿಸಿ. ಆಟ ಬರೆಯುವ ವಿದ್ಯೆ ಅವಳಿಗೂ ದಕ್ಕಲಿ. ಅದರಲ್ಲಿ ದೊರೆ ಇರಬೇಕೋ ಬೇಡವೋ ಅವಳೇ ತೀರ್ಮಾನಿಸಲಿ.