ಮುಂಗುರುಳಿಗೊಂದು ಪಿನ್ನು

ಎಂಟನೆಯ ಇಯತ್ತೆಗೆ ಕನ್ನಡ ಪಾಠ ಹೇಳುವಾಗ ‘ಮುಂಗುರುಳು’ ಎಂಬ ಶಬ್ದ ಬಂದರೆ ಅರ್ಥ ಹೇಳುವುದು ಬಲು ಸುಲಭ. ಮುನ್ ಮತ್ತು ಕುರುಳು ಕೂಡಿ ಮುಂಗುರುಳು. ಕಕಾರಕ್ಕೆ ಗಕಾರ ಬಂದಿದೆ, ಆದೇಶ ಸಂಧಿ. ಹಣೆಯ ಮೇಲೆ ಇಳಿಬಿದ್ದ ಗುಂಗುರು ಕೂದಲು ಎಂದು ಬೋರ್ಡಿನ ಮೇಲೆ ಬರೆದು ಕೈಗೆ ಹತ್ತಿದ ಖಡುವಿನ ಪುಡಿ ಝಾಡಿಸಿದರೆ ಮುಗಿಯಿತು. 1998ರಲ್ಲಿ ಒಮ್ಮೆ ಹೀಗೆ ಬರೆದು ಹೊರಳಿ ನೋಡಿದಾಗ, ಮೂರನೆಯ ಬೆಂಚಿನ ಹುಡುಗಿಯೊಬ್ಬಳು ತನ್ನ ಹಣೆಯನ್ನು ಮೆಲ್ಲಗೆ ಮುಟ್ಟಿಕೊಳ್ಳುತ್ತಿದ್ದಳು. ಅಲ್ಲಿ ಎರಡು ಕರಿಯ ಪಿನ್ನುಗಳಿದ್ದವು. ಹಾಕಿಸಿದವಳು ನಾನೇ, ಅದೇ ದಿನ ಮುಂಜಾನೆ ಪ್ರಾರ್ಥನೆಯ ಹೊತ್ತಿಗೆ.

ಆ ಹುಡುಗಿಯ ಕಥೆಗೆ ಆಮೇಲೆ ಬರುತ್ತೇನೆ. ಅದು ನೆನಪಾದಾಗಲೆಲ್ಲ ನಮ್ಮ ಕವಿಗಳ ಮೇಲೆ ನನಗೊಂದು ತಕರಾರು ಹುಟ್ಟುತ್ತದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಗುಂಗುರು ಕೂದಲಿಗೆ ನಮ್ಮಲ್ಲಿರುವಷ್ಟು ಚೆಂದದ ಹೆಸರುಗಳು ಎಲ್ಲಿವೆ ನೋಡಿ. ಕುರುಳು, ಮುಂಗುರುಳು, ಅಳಕ, ಕುಂತಳ. ಕುಂತಳವೆಂದರೆ ಹಿಂದಿನ ಕಾಲಕ್ಕೆ ನಮ್ಮ ಈ ಉತ್ತರ ಕರ್ನಾಟಕದ ಸೀಮೆಗೇ ಹೆಸರು. ಕುಬೇರನ ಪಟ್ಟಣ ಅಲಕಾ. ಮುಖ ತಾವರೆ, ಅದನ್ನು ಮುತ್ತಿದ ದುಂಬಿಗಳೇ ಮುಂಗುರುಳು ಎಂಬ ಹೋಲಿಕೆಯನ್ನು ಹಳಗನ್ನಡದಿಂದ ಹಿಡಿದು ಸಿನೆಮಾ ಹಾಡಿನವರೆಗೆ ಎಷ್ಟು ಜನ ಬಳಸಿದ್ದಾರೋ ಲೆಕ್ಕವಿಲ್ಲ. ಆದರೆ ಈ ಎಲ್ಲ ವರ್ಣನೆಗಳಲ್ಲಿ ಕುರುಳನ್ನು ಆಡಿಸುವುದು ಗಾಳಿ. ಬೆರಳಲ್ಲ, ಬಾಚಣಿಗೆಯಲ್ಲ. ಕಾವ್ಯದ ನಾಯಕಿಗೆ ಸಿಕ್ಕು ಆಗುವುದಿಲ್ಲ. ಮಳೆಗಾಲದಲ್ಲಿ ಅವಳ ತಲೆ ಉಬ್ಬಿ ಬುಟ್ಟಿಯಾಗುವುದಿಲ್ಲ.

ರಘುವಂಶದ ಎಂಟನೆಯ ಸರ್ಗವನ್ನೇ ತೆಗೆದುಕೊಳ್ಳಿ. ಇಂದುಮತಿ ಸತ್ತು ಬಿದ್ದಿದ್ದಾಳೆ. ಹೂ ಮುಡಿದ ಅವಳ ಗುಂಗುರು ಕೂದಲು ಗಾಳಿಗೆ ಅಲುಗಿದಾಗ, ಜೀವ ತಿರುಗಿ ಬಂತೇನೋ ಎಂದು ಅಜನಿಗೆ ಭ್ರಮೆಯಾಗುತ್ತದೆ. ಓದಿದಾಗ ಕಣ್ಣಲ್ಲಿ ನೀರು ಬರುತ್ತದೆ, ಸುಳ್ಳಲ್ಲ. ಆದರೆ ಇಲ್ಲಿಯೂ ಗಾಳಿಯೇ, ಇಲ್ಲಿಯೂ ನೋಡುವವನು ಗಂಡಸೇ.

ಅದೇ ಕಾಳಿದಾಸ ಮೇಘದೂತದಲ್ಲಿ ಬೇರೆ ಮಾತು ಆಡುತ್ತಾನೆ. ಗಂಡನನ್ನು ಅಗಲಿದ ಯಕ್ಷಿ ಎಣ್ಣೆ ಮುಟ್ಟಿಸದೆ ಬರಿಯ ನೀರಿನಲ್ಲಿ ಸ್ನಾನ ಮಾಡುತ್ತಿದ್ದಾಳೆ. ಅದರಿಂದ ಮುಂಗುರುಳು ಒರಟಾಗಿ ಕೆನ್ನೆಯವರೆಗೆ ಜೋತುಬಿದ್ದಿದೆ. ಅವಳ ನಿಟ್ಟುಸಿರಿಗೆ ಅದು ಅತ್ತಿತ್ತ ಸರಿಯುತ್ತದೆ ಎನ್ನುತ್ತಾನೆ. ಗುಂಗುರು ಕೂದಲಿಗೆ ಜಿಡ್ಡು ಸಿಗದಿದ್ದರೆ ಅದು ಒರಟಾಗುತ್ತದೆ ಎಂಬ ಮನೆಯ ಸಂಗತಿ ಅವನಿಗೆ ಗೊತ್ತಿತ್ತು! ಯಾವ ಹೆಣ್ಣುಮಗಳು ಹೇಳಿದ್ದಳೋ ಏನೋ. ವಿರಹದ ಬಗ್ಗೆ ಉಳಿದವರು ಬರೆದ ನೂರು ಉಪಮೆಗಳಿಗಿಂತ ನನಗೆ ಈ ಒಂದು ಮಾತೇ ದೊಡ್ಡದು.

ಕಾವ್ಯದ ಮಾತು ಹೀಗಾದರೆ ಮನೆಯ ಮಾತು ಬೇರೆ. ಕೂದಲಿಗೆ ಸಂಬಂಧಿಸಿ ನಮ್ಮ ಮನೆಗಳಲ್ಲಿ ಬಳಕೆಯಾಗುವ ಕ್ರಿಯಾಪದಗಳನ್ನು ಒಮ್ಮೆ ನೆನಪಿಸಿಕೊಳ್ಳಿ: ಹಿಕ್ಕು, ಬಾಚು, ಜಗ್ಗು, ಅದುಮು, ಬಿಗಿ, ಹೆಣೆ. ಎಲ್ಲವೂ ನೆಟ್ಟನೆಯ ಕೂದಲಿಗೆ ಹುಟ್ಟಿದ ಮಾತುಗಳು. ನನ್ನ ಕೂದಲು ನೆಟ್ಟಗೆ, ಎಣ್ಣೆ ಹಚ್ಚಿದರೆ ಹೇಳಿದ ಹಾಗೆ ಕೇಳುವಂಥದ್ದು. ನನ್ನ ತಂಗಿಯದು ಗುಂಗುರು. ಭಾನುವಾರ ಎರಕೊಂಡು ಬಂದು ಕೂದಲು ಪೂರಾ ಆರಿದ ಮೇಲೆ ಅವ್ವ ಅವಳನ್ನು ಮಣೆಯ ಮೇಲೆ ಕೂಡಿಸಿಕೊಂಡು ಸಣ್ಣ ಹಲ್ಲಿನ ಹಣಿಗೆಯಿಂದ ಹಿಕ್ಕುತ್ತಿದ್ದಳು. “ತಲಿ ಅಲ್ಲವ್ವಾ ಇದು, ಗುಬ್ಬಿಗೂಡು” ಎಂದು ಬೈಯುತ್ತ ಬೈಯುತ್ತ ಕೊಬ್ಬರಿ ಎಣ್ಣೆ ಸುರಿದು ಅದುಮಿ, ಕಣ್ಣು ಮೇಲಕ್ಕೆ ಏರುವಷ್ಟು ಬಿಗಿಯಾಗಿ ಎರಡು ಹೆರಳು ಹಾಕುತ್ತಿದ್ದಳು. ತಂಗಿ ಅಳುತ್ತಿದ್ದಳು. ನಾನು ನನ್ನ ಹೆರಳು ಮುಂದೆ ಇಳಿಬಿಟ್ಟುಕೊಂಡು ಜಾಣೆಯ ಹಾಗೆ ನೋಡುತ್ತ ನಿಂತಿರುತ್ತಿದ್ದೆ.

ಅವ್ವನದು ತಪ್ಪು ಎನ್ನಲಾರೆ, ಅವಳಿಗೆ ಹೇಳುವವರು ಯಾರಿದ್ದರು? ಗುಂಗುರು ಕೂದಲಿನ ಬೇರು ಚರ್ಮದ ಕೆಳಗೇ ಬಾಗಿರುತ್ತದೆ. ಅಡ್ಡ ಕತ್ತರಿಸಿ ನೋಡಿದರೆ ನೆಟ್ಟನೆಯ ಕೂದಲು ಗುಂಡಗೆ, ಗುಂಗುರು ಕೂದಲು ಚಪ್ಪಟೆಯಾದ ಅಂಡಾಕಾರ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೆಟ್ಟನೆಯ ಕೂದಲಿನ ಮೇಲೆ ಸರಾಗ ಇಳಿಯುತ್ತದೆ. ಸುರುಳಿಯಲ್ಲಿ ತಿರುವು ತಿರುವಿಗೂ ನಿಂತುಬಿಡುತ್ತದೆ. ಆದ್ದರಿಂದ ಬುಡದಲ್ಲಿ ಜಿಡ್ಡು, ತುದಿಯಲ್ಲಿ ಒಣಕಲು. ಒಣಗಿದ ಮೇಲೆ ಹಿಕ್ಕಿದರೆ ಸುರುಳಿ ಒಡೆದು ಎಳೆ ಎಳೆಯಾಗಿ ಎದ್ದು ನಿಲ್ಲುತ್ತದೆ, ತಿರುವಿನಲ್ಲೇ ತುಂಡಾಗುತ್ತದೆ. ಅವ್ವ ಯಾವುದನ್ನು ಗುಬ್ಬಿಗೂಡು ಎನ್ನುತ್ತಿದ್ದಳೋ ಅದನ್ನು ಅವಳ ಹಣಿಗೆಯೇ ಕಟ್ಟುತ್ತಿತ್ತು.

ಇನ್ನೊಂದು ವಿಚಿತ್ರ. ಗಂಡಸರ ತಲೆಯ ಮೇಲೆ ಇದೇ ಕೂದಲು ಪ್ರತಿಭೆಯಾಗುತ್ತದೆ. ಜಾಕಿರ್ ಹುಸೇನರು ತಾಜ್‌ಮಹಲ್ ಚಹಾದ ಜಾಹೀರಾತಿನಲ್ಲಿ ತಬಲಾ ಬಾರಿಸುತ್ತ ತಲೆ ಕೊಡವಿದರೆ ಇಡೀ ದೇಶ ಆ ಗುಂಗುರು ಕೂದಲನ್ನು ಮೆಚ್ಚಿತು. 2002ರಲ್ಲಿ ಅಬ್ದುಲ್ ಕಲಾಂ ರಾಷ್ಟ್ರಪತಿಗಳಾದ ಮೇಲೆ ನಮ್ಮ ಶಾಲೆಯ ಗೋಡೆಗೂ ಅವರ ಚಿತ್ರ ಬಂತು. ಹಣೆಯ ಎರಡೂ ಬದಿಗೆ ಇಳಿಬಿದ್ದ ಕೂದಲು, ಯಾವ ಪಿನ್ನೂ ಇಲ್ಲ. ಆ ಚಿತ್ರದ ಕೆಳಗೆ ನಿಂತು ಹುಡುಗಿಯರಿಗೆ “ಹಣಿ ಮ್ಯಾಲಿನ ಕೂದಲಾ ಹಿಂದಕ್ಕ ಹಾಕ್ರಿ” ಎಂದು ನಾವು ಶಿಕ್ಷಕಿಯರು ಗದರುತ್ತಿದ್ದೆವು. ಟೀವಿಯ ಜಾಹೀರಾತುಗಳೂ ಕಡಿಮೆಯೇನಲ್ಲ. ಮೊದಲು ಒಂದು ಚಿತ್ರ, ಗುಂಗುರು ಕೂದಲಿನ ಹುಡುಗಿ ಮೋರೆ ಗಂಟಿಕ್ಕಿಕೊಂಡಿರುತ್ತಾಳೆ. ಆಮೇಲೆ ಒಂದು ಚಿತ್ರ, ಕೂದಲು ನೆಟ್ಟಗಾಗಿದೆ, ಅವಳು ನಗುತ್ತಾಳೆ. ಸ್ವಭಾವವನ್ನೇ ರೋಗವೆಂದು ತೋರಿಸಿ ಔಷಧ ಮಾರುವ ಜಾಣತನ ಅದು.

ಈಗ ಆ ಹುಡುಗಿಯ ಮಾತು. ಅದಕ್ಕೆ ಸಾಧನಾ ಕಟ್‌ನಿಂದ ಸುರು ಮಾಡಬೇಕು. 1960ರಲ್ಲಿ ಆರ್.ಕೆ. ನಯ್ಯರ್ ಅವರ ‘ಲವ್ ಇನ್ ಸಿಮ್ಲಾ’ ಬಂತು. ಅದರಲ್ಲಿ ಸಾಧನಾ ಅವರ ಅಗಲ ಹಣೆ ಮುಚ್ಚಲೆಂದು ಆಡ್ರಿ ಹೆಪ್‌ಬರ್ನ್ ಮಾದರಿಯಲ್ಲಿ ಮುಂದಲೆಯ ಕೂದಲನ್ನು ಕತ್ತರಿಸಿದರು. ದೇಶದ ಹುಡುಗಿಯರೆಲ್ಲ ಅದರ ಹಿಂದೆ ಬಿದ್ದರು. ನಮ್ಮ ಅತ್ತೆ, ಚಿಗವ್ವಂದಿರ ಹಳೆಯ ಫೋಟೋಗಳಲ್ಲಿ ಇಂದಿಗೂ ನೋಡಬಹುದು. ಮೂವತ್ತು ನಲವತ್ತು ವರ್ಷ ಕಳೆದರೂ ನಮ್ಮ ಊರಿನ ಬ್ಯೂಟಿ ಪಾರ್ಲರಿನ ಬೋರ್ಡಿನಲ್ಲಿ ಆ ಹೆಸರು ಇತ್ತು. ಆದರೆ ಅದು ನೆಟ್ಟನೆಯ ಕೂದಲಿನ ಕಟ್ಟು ಎಂಬುದನ್ನು ಯಾರೂ ಬೋರ್ಡಿನ ಮೇಲೆ ಬರೆದಿರಲಿಲ್ಲ.

ಮೂರನೆಯ ಬೆಂಚಿನ ಹುಡುಗಿ ಪಾರ್ಲರಿಗೆ ಹೋಗುವಷ್ಟು ಅನುಕೂಲಸ್ಥಳಲ್ಲ. ಮನೆಯಲ್ಲೇ ತಲೆ ತೋಯಿಸಿಕೊಂಡು, ಮುಂದಿನ ಕೂದಲನ್ನು ಜಗ್ಗಿ ಹಿಡಿದು, ಹೊಲಿಗೆಯ ಕತ್ತರಿಯಿಂದ ಹುಬ್ಬಿನ ನೇರಕ್ಕೆ ಸರಿಯಾಗಿ ಕತ್ತರಿಸಿಕೊಂಡಿದ್ದಾಳೆ. ಒದ್ದೆ ಇದ್ದಾಗ ಕನ್ನಡಿಯಲ್ಲಿ ಸಾಧನಾಳೇ ಕಂಡಿರಬೇಕು. ಆರುತ್ತ ಬಂದ ಹಾಗೆ ಸುರುಳಿ ಮೇಲಕ್ಕೆ ಎದ್ದಿದೆ. ಶಾಲೆಗೆ ಬರುವ ಹೊತ್ತಿಗೆ ಕೂದಲು ಹಣೆಯ ಅರ್ಧಕ್ಕೂ ಇಲ್ಲ, ಗಿಡ್ಡ ಸ್ಪ್ರಿಂಗುಗಳ ಸಾಲಿನ ಹಾಗೆ ನಿಂತಿತ್ತು. ಪ್ರಾರ್ಥನೆಯ ಸಾಲಿನಲ್ಲಿ ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕದ್ದಷ್ಟೇ ಅಲ್ಲ, “ಶಾಲಿಗೆ ಬರ್ತೀಯೋ ಸಿನೆಮಾಕ್ಕ ಹೊಂಟೀಯೋ?” ಎಂದು ಎಲ್ಲರೆದುರಿಗೆ ಕೇಳಿ, ನನ್ನ ತಲೆಯಿಂದಲೇ ಎರಡು ಪಿನ್ನು ತೆಗೆದು ಕೊಟ್ಟೆ. ಎರಡನೆಯ ತಾಸಿಗೆ ಹೋಗಿ ಮುಂಗುರುಳಿನ ಅರ್ಥ ಬರೆಸಿದೆ. ಅರ್ಥ ಬರೆದುಕೊಳ್ಳುವಾಗ ಅವಳು ಹಣೆ ಮುಟ್ಟಿಕೊಂಡದ್ದು ಅದಕ್ಕೇ.

ಅವಳು ಮಾಡಿದ ತಪ್ಪು ಒಂದೇ, ಅದೂ ಯಾರೂ ಹೇಳಿಕೊಡದ್ದರಿಂದ ಆದದ್ದು. ಗುಂಗುರು ಕೂದಲನ್ನು ಒದ್ದೆ ಇದ್ದಾಗ ಕತ್ತರಿಸಬಾರದು. ಪೂರಾ ಆರಿ ತನ್ನ ಸುರುಳಿಗೆ ತಾನು ಬಂದು ನಿಂತ ಮೇಲೆ, ಜಗ್ಗದೆ, ಒಂದೊಂದೇ ಸುರುಳಿಯ ತುದಿಯನ್ನು ಸ್ವಲ್ಪ ಸ್ವಲ್ಪ ಕತ್ತರಿಸಬೇಕು. ಮೊದಲ ಸಲ ಮೂಗಿನ ಮಟ್ಟಕ್ಕೆ ಬಿಟ್ಟರೆ ಮುಂದೆ ಬೇಕಾದಷ್ಟು ಗಿಡ್ಡ ಮಾಡಬಹುದು. ಗಿಡ್ಡಾದದ್ದನ್ನು ಉದ್ದ ಮಾಡುವುದು ಯಾರ ಕೈಯಲ್ಲೂ ಇಲ್ಲ. ಅಡ್ಡಗೆರೆ ಎಳೆದ ಹಾಗೆ ಒಂದೇ ನೇರಕ್ಕೆ ಕತ್ತರಿಸಿದರೆ ಕೊಡೆಯ ಅಂಚಿನಂತೆ ಕಾಣುತ್ತದೆ, ಆದ್ದರಿಂದ ನಡುವೆ ತುಸು ಗಿಡ್ಡ, ಕಿವಿಯ ಕಡೆಗೆ ಉದ್ದ.

ಇದೆಲ್ಲ ನನಗೆ ಗೊತ್ತಾದದ್ದು ತಂಗಿಯ ಮಗಳಿಂದ. ಅವಳಿಗೆ ತಾಯಿಯ ಕೂದಲೇ ಬಂದಿದೆ. ಬೆಂಗಳೂರಿನಲ್ಲಿ ನೌಕರಿ ಹಿಡಿದ ಮೇಲೆ ಕೆಲವು ವರ್ಷ ಬಿಸಿ ಇಕ್ಕಳದಿಂದ ಕೂದಲನ್ನು ನೆಟ್ಟಗೆ ಮಾಡಿಕೊಂಡೇ ಆಫೀಸಿಗೆ ಹೋಗುತ್ತಿದ್ದಳು. 2015ರಲ್ಲಿ ‘ಪ್ರೇಮಂ’ ಎಂಬ ಮಲಯಾಳಂ ಚಿತ್ರ ಬಂತಲ್ಲ, ಅದರಲ್ಲಿ ಅನುಪಮಾ ಪರಮೇಶ್ವರನ್ ತಮ್ಮ ಗುಂಗುರು ಕೂದಲನ್ನು ಹಾಗೆಯೇ ಬಿಟ್ಟುಕೊಂಡು ನಟಿಸಿದ್ದು ಇವಳಿಗೆ ಧೈರ್ಯ ಕೊಟ್ಟಿತಂತೆ. ಸಾವಿರ ವರ್ಷದ ಕಾವ್ಯ ಕೊಡಲಾರದ ಧೈರ್ಯವನ್ನು ಒಂದು ಸಿನೆಮಾ ಕೊಟ್ಟಿತು ಎಂದು ಕನ್ನಡ ಶಿಕ್ಷಕಿಯಾದ ನಾನು ಒಪ್ಪಿಕೊಳ್ಳಬೇಕಾಯಿತು.

ಅವಳು ನನಗೊಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟಳು. ನ್ಯೂಯಾರ್ಕಿನಲ್ಲಿ ಕೇಶವಿನ್ಯಾಸ ಮಾಡುವ ಲೊರೇನ್ ಮಾಸಿ 2001ರಲ್ಲಿ ಪ್ರಕಟಿಸಿದ ‘ಕರ್ಲಿ ಗರ್ಲ್’. ಶಾಂಪೂ ಬಿಡಿ, ಬ್ರಶ್ ಬಿಡಿ, ಬಿಸಿಗಾಳಿಯ ಯಂತ್ರ ಬಿಡಿ. ಕಂಡೀಶನರಿನಿಂದಲೇ ತೊಳೆದು ಬೆರಳಿನಿಂದ ಸಿಕ್ಕು ಬಿಡಿಸಿ ಎಂಬುದು ಅದರ ಸಾರ. ಗುಂಗುರು ಕೂದಲಿನವಳು ಗುಂಗುರು ಕೂದಲಿನವರಿಗೇ ಬರೆದದ್ದರಿಂದ ಅದರಲ್ಲಿ ಗಾಳಿಯೂ ಇಲ್ಲ ದುಂಬಿಯೂ ಇಲ್ಲ, ಕೆಲಸದ ಮಾತಿದೆ. ಅದು ಅದರ ದೊಡ್ಡ ಗುಣ. ಆದರೆ ನಮ್ಮ ಬೋರ್‌ವೆಲ್ಲಿನ ಸವಳು ನೀರು, ನಮ್ಮ ಧೂಳು, ನಾವು ಹಚ್ಚುವ ಎಣ್ಣೆ ಆ ಲೇಖಕಿಯ ಲೆಕ್ಕದಲ್ಲಿಲ್ಲ. ಎಣ್ಣೆ ಹಚ್ಚಿದ ತಲೆ ಬರಿಯ ಕಂಡೀಶನರಿಗೆ ಬಿಡುವುದಿಲ್ಲ. ವಾರಕ್ಕೊಮ್ಮೆಯಾದರೂ ಸೀಗೆಯೋ ಸೌಮ್ಯವಾದ ಶಾಂಪೂವೋ ಬೇಕು. ತಂಗಿಯ ಮಗಳೂ ಆರು ತಿಂಗಳು ಪುಸ್ತಕದ ಪ್ರಕಾರ ನಡೆದು, ತಲೆ ತುರಿಸಿಕೊಂಡು, ಕೊನೆಗೆ ಅರ್ಧ ಬಿಟ್ಟು ಅರ್ಧ ಇಟ್ಟುಕೊಂಡಳು. ಇಟ್ಟುಕೊಂಡದ್ದು ಇಷ್ಟು: ಒದ್ದೆ ಇದ್ದಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸುವುದು. ಟವೆಲಿನಿಂದ ತಿಕ್ಕದೆ ಹಳೆಯ ಧೋತರದ ತುಂಡಿನಿಂದ ನೀರು ಹಿಂಡುವುದು. ಆರುವ ತನಕ ಮುಟ್ಟದಿರುವುದು. ಮುಂಗುರುಳಿಗೆ ಮಾತ್ರ ಎಣ್ಣೆ ಸೋಕಿಸುವುದಿಲ್ಲ, ಹಣೆಯ ಮೇಲೆ ಮೊಡವೆ ಏಳುತ್ತದೆಂದು. ಮುಂಜಾನೆ ಅದು ಸೊಟ್ಟಗಾಗಿ ಎದ್ದಿದ್ದರೆ ತಲೆಯೆಲ್ಲ ತೊಳೆಯುವ ಕಾರಣವಿಲ್ಲ. ಅದೊಂದನ್ನೇ ನೀರಿನಿಂದ ತೋಯಿಸಿ ಬೆರಳಿಗೆ ಸುತ್ತಿ ಬಿಡುತ್ತಾಳೆ.

ದೀಪಾವಳಿಗೆ ಬಂದಾಗ ಅವಳು ಅಡಿಗೆಮನೆಯಲ್ಲಿ ಅಗಸಿ ಕುದಿಸುತ್ತ ನಿಂತದ್ದನ್ನು ನೋಡಿ ಅವ್ವ ಗಾಬರಿಯಾದಳು.

“ಅಗಸಿ ಚಟ್ನಿಗೆ ನೀರ ಹಾಕತಾರೇನ ತಂಗಿ? ಹುರದ ಕುಟ್ಟಬೇಕ.”

“ಚಟ್ನಿ ಅಲ್ಲ ಆಯಿ, ತಲಿಗೆ.”

“ತಲಿಗೆ? ಮತ್ತ ಬಾಯಿಗೇನ ಹಾಕ್ಕೋತಿ, ಕೊಬ್ಬರಿ ಎಣ್ಣಿ?”

ಆದರೆ ಅವ್ವನೇ ಹತ್ತು ನಿಮಿಷದ ಮೇಲೆ ಪಾತ್ರೆಯಲ್ಲಿ ಬೆರಳು ಅದ್ದಿ, “ದಾಸವಾಳದ ಸೊಪ್ಪಿನ ಲೋಳಿ ಇದ್ದಂಗ ಐತಲ್ಲ” ಎಂದಳು. ಅವಳ ತಾಯಿ ದಾಸವಾಳದ ಎಲೆ ಕಿವುಚಿ ಆ ಲೋಳೆಯಿಂದ ತಲೆ ತೊಳೆಯುತ್ತಿದ್ದಳಂತೆ. ಕೂದಲು ಹೂವಿನ ಹಾಗೆ ಆಗುತ್ತಿತ್ತಂತೆ. “ಮತ್ತ ನಮಗ ಯಾಕ ಮಾಡಲಿಲ್ಲ?” ಎಂದು ತಂಗಿ ಕೇಳಿದಳು. ಐವತ್ತರ ಸಮೀಪದ ಹೆಂಗಸು, ದನಿಯಲ್ಲಿ ಮಣೆಯ ಮೇಲೆ ಕೂತ ಹುಡುಗಿಯ ಅಳು ಇನ್ನೂ ಇತ್ತು. “ಯಾರಿಗೆ ಯಾಳೆ ಇತ್ತವ್ವಾ” ಎಂದು ಅವ್ವ ಹೊರಗೆ ನಡೆದಳು.

2019ರಲ್ಲಿ ಒಂದು ಮದುವೆಯಲ್ಲಿ “ಅಕ್ಕೋರ, ಗುರುತ ಹತ್ತಿತೇನ್ರಿ?” ಎಂದು ಒಬ್ಬಳು ನನ್ನ ಕಾಲು ಮುಟ್ಟಿದಳು. ಮೂರನೆಯ ಬೆಂಚಿನವಳು. ಕೂದಲು ಪೂರಾ ನೆಟ್ಟಗೆ ಮಾಡಿಸಿಕೊಂಡಿದ್ದಳು, ತುದಿಗಳು ಕಸಬರಿಗೆಯ ಹಾಗೆ ಆಗಿದ್ದವು. ಆರು ವರ್ಷದ ಮಗಳು ಸೆರಗು ಹಿಡಿದು ನಿಂತಿತ್ತು. ಸುರುಳಿ ಸುರುಳಿ ಕೂದಲನ್ನು ಹಿಂದಕ್ಕೆ ಜಗ್ಗಿ ಹಣೆಯ ಮೇಲೆ ಎರಡೂ ಕಡೆಗೆ ಪಿನ್ನು ಹಾಕಿದ್ದರು. ಪಿನ್ನಿನ ಸಂಗತಿ ಅವಳೇ ತೆಗೆದಳು. ನಗುತ್ತಲೇ ಹೇಳಿದಳು. ನಾನು ತಪ್ಪಾಯಿತು ಎಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ಬಾಜಾ ಜೋರಾಗಿತ್ತು.

ಪರ್ಸಿನಲ್ಲಿದ್ದ ಲಗ್ನಪತ್ರಿಕೆಯನ್ನು ತೆಗೆದು ಅದರ ಹಿಂಬದಿಗೆ ಬರೆದುಕೊಟ್ಟೆ: ಅಗಸಿ ಎರಡು ದೊಡ್ಡ ಚಮಚೆ, ನೀರು ಎರಡು ಕಪ್ಪು, ತತ್ತಿಯ ಬಿಳಿಯ ಭಾಗದಷ್ಟು ಲೋಳೆಯಾಗುವ ತನಕ ಕುದಿಸುವುದು, ತೆಳ್ಳನೆಯ ಅರಿವೆಯಲ್ಲಿ ಸೋಸುವುದು, ಒದ್ದೆ ಕೂದಲಿಗೆ ಹಚ್ಚಿ ಮುಷ್ಟಿಯಲ್ಲಿ ಹಿಡಿದು ಬಿಡುವುದು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆ. “ಅಗಸಿ ಹೌದಲ್ರಿ? ತಿನ್ನೋದು?” ಎಂದು ಅವಳು ಎರಡು ಸಲ ಕೇಳಿದಳು. ಹೌದು ಎಂದೆ. ಆರಿದ ಮೇಲೆ ಅದು ಅರಿವೆಯಿಂದ ಇಳಿಯುವುದೇ ಇಲ್ಲವಾದ್ದರಿಂದ, ಬಿಸಿ ಇದ್ದಾಗಲೇ ಸೋಸಬೇಕು ಎಂಬುದನ್ನು ಬೇರೆ ಸಾಲಿನಲ್ಲಿ ಬರೆದು ಅಡಿಗೆರೆ ಎಳೆದೆ.